‘ನೋ ಎರರ್’ ಒಪ್ಪದ ರಾಯರು

ಪ್ರತಿ ಬಡಾವಣೆಯಲ್ಲೂ ಒಬ್ಬ ಗ್ರಾಮರ್ ರಾಯರು ಇದ್ದೇ ಇರುತ್ತಾರೆ. ಬಹುಮಟ್ಟಿಗೆ ಬ್ಯಾಂಕಿನಿಂದಲೋ ಏಜೀಸ್ ಆಫೀಸಿನಿಂದಲೋ ರಿಟೈರಾದವರು. ಜೇಬಿನಲ್ಲಿ ಎರಡು ಪೆನ್ನು: ನೀಲಿಯದು ಸಹಿಗೆ, ಕೆಂಪಿನದು ಲೋಕಕ್ಕೆ.

ಇವರ ಧರ್ಮಗ್ರಂಥ ರೆನ್ ಅಂಡ್ ಮಾರ್ಟಿನ್. 1935ರಿಂದ ನಮ್ಮ ಹೈಸ್ಕೂಲು ಮಕ್ಕಳನ್ನು ಹೆದರಿಸುತ್ತ ಬಂದಿರುವ ಆ ವ್ಯಾಕರಣ ಪುಸ್ತಕಕ್ಕೆ ರಾಯರು ಬೈಂಡು ಹಾಕಿಸಿ ಇಟ್ಟಿದ್ದಾರೆ. ಅದೇ ಪಿ. ಸಿ. ರೆನ್ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದರು ಎಂದರೆ ರಾಯರಿಗೆ ನಂಬಿಕೆ ಬಾರದು. ಅಷ್ಟು ವ್ಯಾಕರಣ ಬಲ್ಲ ಮನುಷ್ಯನಿಗೆ ಕತೆ ಬರೆಯುವ ಕರ್ಮ ಯಾಕೆ?

ಆದರೆ ಅವರ ಕಣ್ಣು ಪಳಗಿದ್ದು ಬ್ಯಾಂಕ್ ಪರೀಕ್ಷೆಯ ‘ಸ್ಪಾಟಿಂಗ್ ಎರರ್ಸ್’ನಲ್ಲಿ. ‘ಒನ್ ಆಫ್ ಮೈ ಫ್ರೆಂಡ್ / ಈಸ್ ವರ್ಕಿಂಗ್ / ಇನ್ ಎ ಬ್ಯಾಂಕ್’ ಎಂದು ವಾಕ್ಯವನ್ನು ತುಂಡು ಮಾಡಿ, ತಪ್ಪು ಯಾವ ತುಂಡಿನಲ್ಲಿದೆ ಎಂದು ಕೇಳುತ್ತಾರೆ. ಕೊನೆಗೆ ‘ನೋ ಎರರ್’ ಎಂಬ ಆಯ್ಕೆಯೂ ಇರುತ್ತದೆ. ಇಲ್ಲಿ ‘ಫ್ರೆಂಡ್ಸ್’ ಆಗಬೇಕು, ಮೊದಲ ತುಂಡೇ ತಪ್ಪು. ಪರೀಕ್ಷೆ ಮುಗಿದು ಮೊಮ್ಮಕ್ಕಳಾದರೂ ರಾಯರ ಪಾಲಿಗೆ ಜಗತ್ತು ಹೀಗೆ ತುಂಡುತುಂಡಾಗಿಯೇ ಕಾಣುತ್ತದೆ. ‘ನೋ ಎರರ್’ಗೆ ಗುರುತು ಹಾಕಿದ್ದಂತೂ ಕಂಡವರಿಲ್ಲ.

ಪಕ್ಕದ ಮನೆಯವರು ಮಗಳ ಲಗ್ನಪತ್ರಿಕೆ ತಂದರು. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಒಣಗಿರಲಿಲ್ಲ, ರಾಯರ ಕೆಂಪು ಪೆನ್ನು ಹೊರಬಂದಿತ್ತು.

“ಇದೇನ್ರೀ, ‘ಪ್ರೆಸೆಂಟ್ಸ್ ಇನ್ ಬ್ಲೆಸಿಂಗ್ಸ್ ಓನ್ಲಿ’? ಆಶೀರ್ವಾದದೊಳಗೆ ಉಡುಗೊರೆ ಇಟ್ಟು ಕೊಡಬೇಕೇ?”

“ಐನೂರು ಪ್ರತಿ ಅಚ್ಚಾಗಿ ಹೋಗಿದೆ ರಾಯರೇ. ನೀವು ಬರಿಗೈಲಿ ಬಂದು ಊಟ ಮಾಡಿ, ಸಾಕು.”

ರಾಯರು ಹೋದರು, ಹೋಳಿಗೆ ಉಂಡರು, ಮುಯ್ಯಿಯನ್ನೂ ಕೊಟ್ಟರು. ಪಂಕ್ತಿಯಲ್ಲಿ ಎಡಬಲದವರಿಗೆ ಆ ತಪ್ಪನ್ನೂ ಬಡಿಸಿದರು.

ರೋಗದ ಮೂಲ ಹಿಡಿಯುವುದರಲ್ಲಿ ಮಾತ್ರ ಅವರು ಗಟ್ಟಿಗರು, ಒಪ್ಪಲೇಬೇಕು. ‘ಅದರ ಬಗ್ಗೆ ಚರ್ಚಿಸೋಣ’ ಎಂದು ರೂಢಿಯಾದ ನಾಲಿಗೆ ಇಂಗ್ಲಿಷಿನಲ್ಲೂ ‘ಡಿಸ್ಕಸ್ ಅಬೌಟ್’ ಎನ್ನುತ್ತದೆ. ‘ನಿನ್ನೆ ತಾನೇ ಬಂದೆ’ ಎನ್ನುವವರು ‘ಯೆಸ್ಟರ್‌ಡೇ ಓನ್ಲಿ ಐ ಕೇಮ್’ ಎನ್ನುತ್ತಾರೆ. ಎಲ್ಲದಕ್ಕೂ ಕನ್ನಡವೇ ಕಾರಣ ಎಂದು ತೀರ್ಪು ಕೊಟ್ಟು ಕೂತಿದ್ದಾಗ, ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೊಮ್ಮಗ ವಿಡಿಯೋ ಕಾಲಿನಲ್ಲಿ ‘ಮೀ ಅಂಡ್ ಮಾಮ್ ವೆಂಟ್’ ಎಂದುಬಿಟ್ಟ. ಒಂದು ಕನ್ನಡ ಪದ ಬಾರದ ಹುಡುಗ! ರಾಯರಿಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಕಾಲವೂ ಅವರಿಗೆ ಮೋಸ ಮಾಡುತ್ತಿದೆ. ಅವರು ಜೀವಮಾನವಿಡೀ ಹೊಡೆದುಹಾಕಿದ ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನೊಳಗೆ ಹಾಯಾಗಿ ಕೂತಿದೆ. ಒಬ್ಬನೇ ವ್ಯಕ್ತಿಗೂ ‘ದೇ’ ಎನ್ನುವ ಬಳಕೆ ಎಷ್ಟು ಹಬ್ಬಿತೆಂದರೆ ಮೆರಿಯಮ್-ವೆಬ್‌ಸ್ಟರ್ 2019ರಲ್ಲಿ ಅದನ್ನೇ ವರ್ಷದ ಪದ ಎಂದಿತು. ವಾಕ್ಯ ಪ್ರೆಪೊಸಿಷನ್ನಿನಲ್ಲಿ ಮುಗಿಯಕೂಡದು ಎಂಬ ನಿಯಮವನ್ನು ಫೌಲರ್ ತಮ್ಮ 1926ರ ಬಳಕೆಯ ನಿಘಂಟಿನಲ್ಲೇ ಮೂಢನಂಬಿಕೆ ಎಂದು ತಳ್ಳಿಹಾಕಿದ್ದರು. ಸೊಸೆ ಆ ಪುಟ ತೆರೆದು ತೋರಿಸಿದರೆ ರಾಯರು, “ಮುದ್ರಣದೋಷ ಇರಬಹುದು” ಎಂದರು.

ಕಳೆದ ಬೇಸಿಗೆಯಲ್ಲಿ ಲಿಫ್ಟಿನ ಪಕ್ಕ ಒಂದು ನೋಟಿಸು ಬಿತ್ತು: ‘ಟುಮಾರೋ ವಾಟರ್ ವಿಲ್ ನಾಟ್ ಕಮ್ ಡ್ಯೂ ಟು ಪೈಪ್ ಈಸ್ ಬ್ರೋಕನ್.’ ‘ಡ್ಯೂ ಟು’ ಆದಮೇಲೆ ಇಡೀ ವಾಕ್ಯ ಬರುವುದುಂಟೇ? ರಾಯರು ನಿಂತಲ್ಲೇ ತಿದ್ದಿ, ಕೆಳಗೆ ಗೆರೆ ಎಳೆದು, ಸಹಿ ಹಾಕಿ ಮನೆಗೆ ಬಂದರು. ಮರುದಿನ ಬೆಳಿಗ್ಗೆ ಊರವರ ಡ್ರಮ್ಮು, ಕೊಳಗ ಎಲ್ಲ ತುಂಬಿದ್ದವು. ಇವರ ನಲ್ಲಿ ಬುಸ್ಸೆಂದಿತು.

“ಏನ್ರೀ, ನಿನ್ನೆ ನೋಟಿಸು ಓದಿದ್ರಲ್ಲ, ಅದರಲ್ಲಿ ಏನಿತ್ತು?” ಎಂದರು ಹೆಂಡತಿ.

“ಎರಡು ತಪ್ಪಿದ್ದವು ಕಣೇ.”

ಇಷ್ಟಾದರೂ ರಾಯರು ಬೇಕಾದವರು. ಮಗನ ಕೆಲಸದ ಅರ್ಜಿಯೋ, ವೀಸಾದ ಪತ್ರವೋ, ಮದುವೆಯ ಕರೆಯೋ ಇದ್ದರೆ ಅಚ್ಚಾಗುವ ಮುನ್ನ ಒಯ್ದು ತೋರಿಸಿ. ದುಡ್ಡು ಮುಟ್ಟುವುದಿಲ್ಲ, ಕಾಫಿಯನ್ನೂ ಅವರೇ ಕೊಡುತ್ತಾರೆ. ‘ಥ್ಯಾಂಕ್ಸ್’ ಮಾತ್ರ ಕನ್ನಡದಲ್ಲೇ ಹೇಳಿ.