ಡೆಲ್ಫಿ ಪ್ರದಕ್ಷಿಣ ಮೀಮಾಂಸೆ

ಭಗ್ನಪ್ರದಕ್ಷಿಣೆ ಎಂದರೆ ಟಿಕೆಟ್ ಕೊಂಡ ತಂಡವೊಂದು, ಈಗ ಇಲ್ಲದ ಕಟ್ಟಡಗಳ ನಡುವೆ, ಈಗ ಪೂಜೆಯಿಲ್ಲದ ದೇವರುಗಳ ಸಂಸಾರದ ಜಗಳಗಳನ್ನು ಕೇಳುತ್ತ, ಒಬ್ಬ ಗೈಡಿನ ಬೆನ್ನು ಹಿಡಿದು ಏರುಹಾದಿ ಹತ್ತುವ ಕ್ರಿಯೆ. ಇದರ ಅಂಗಗಳು ಮೂರು: ಕಲ್ಲು, ಕತೆ, ಕಾಲುನೋವು. ಕಲ್ಲು ಮಾತ್ರ ಇದ್ದರೆ ಅದು ಕ್ವಾರಿ. ಕತೆ ಮಾತ್ರ ಇದ್ದರೆ ಹರಿಕಥೆ. ಕಾಲುನೋವು ಮಾತ್ರ ಇದ್ದರೆ ಅದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಮೂರೂ ಸಮೃದ್ಧವಾಗಿ ಸಿಗುವ ಕ್ಷೇತ್ರ ಗ್ರೀಸಿನ ಡೆಲ್ಫಿ. ಅಥೆನ್ಸಿನಿಂದ ವಾಯವ್ಯಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಪರ್ನಾಸಸ್ ಬೆಟ್ಟದ ತೆಂಕಣ ಇಳಿಜಾರಿನಲ್ಲಿ, ಅಪೊಲೊ ದೇವರು ಒಬ್ಬ ಹೆಂಗಸಿನ ಬಾಯಿಂದ ಕಣಿ ಹೇಳಿಸುತ್ತಿದ್ದ ಜಾಗ ಇದು.

ಇಲ್ಲಿ ಸುಸ್ಥಿತಿಯಲ್ಲಿ ಉಳಿದಿರುವ ಪ್ರಾಚೀನ ಸ್ಮಾರಕ ಯಾವುದು ಎಂಬುದು ಮೊದಲ ಪ್ರಶ್ನೆ. ಅಪೊಲೊನ ಗುಡಿ ಎಂಬುದು ಪೂರ್ವಪಕ್ಷ. ಆ ಗುಡಿಯಲ್ಲಿ ನಿಂತಿರುವುದು ಆರು ಕಂಬ. ಅವೂ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಿದವು. ಆದ್ದರಿಂದ ಪೂರ್ವಪಕ್ಷ ಅಲ್ಲಿಗೇ ಕುಸಿಯಿತು. ಗೈಡಿನ ಭಾಷಣ ಎಂಬುದು ಸಿದ್ಧಾಂತ. ಇದಕ್ಕೆ ಪ್ರಮಾಣ ಪ್ಲುಟಾರ್ಕ್. ಈತ ಡೆಲ್ಫಿಯಲ್ಲೇ ಅರ್ಚಕನಾಗಿದ್ದವನು, ಕ್ರಿ.ಶ. ಒಂದನೆಯ ಶತಮಾನದ ಕೊನೆ, ಎರಡನೆಯದರ ಆರಂಭದ ಮನುಷ್ಯ. ಅವನ ಒಂದು ಸಂವಾದಗ್ರಂಥದಲ್ಲಿ ಒಂದು ಗುಂಪು ಇದೇ ಹಾದಿ ಹತ್ತುತ್ತದೆ. ಗೈಡುಗಳು ಸಿದ್ಧಪಾಠ ಒಪ್ಪಿಸುತ್ತಾರೆ. ಸ್ವಲ್ಪ ಮೊಟಕು ಮಾಡಿ, ಎಲ್ಲ ಶಾಸನಗಳನ್ನೂ ಬಿಡಿಸಿ ಹೇಳಬೇಡಿ ಎಂದು ಗುಂಪಿನವರು ಅಂಗಲಾಚುತ್ತಾರೆ. ಗೈಡುಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ರೋಮ್ ಬಿದ್ದಿತು, ಬೈಜಾಂಟಿಯಂ ಬಿದ್ದಿತು, ಆಟೋಮನ್ನರು ಬಂದು ಹೋದರು. ಭಾಷಣಕ್ಕೆ ಒಂದು ಬಿರುಕೂ ಬರಲಿಲ್ಲ.

ಭಾಷಣದ ಸತ್ಯಾಸತ್ಯತೆಯ ಬಗ್ಗೆಯೂ ಪ್ರಾಚೀನರಲ್ಲಿ ಚರ್ಚೆಯಾಗಿದೆ. ಎರಡನೆಯ ಶತಮಾನದಲ್ಲಿ ಗ್ರೀಸನ್ನು ಸುತ್ತಿ ಹತ್ತು ಸಂಪುಟ ಬರೆದ ಪೌಸಾನಿಯಸ್, ಆರ್ಗಾಸ್ ಊರಿನ ಗೈಡುಗಳಿಗೆ ತಾವು ಹೇಳುವುದೆಲ್ಲ ನಿಜವಲ್ಲವೆಂದು ಗೊತ್ತಿದೆ, ಆದರೂ ಹೇಳುತ್ತಾರೆ, ಯಾಕೆಂದರೆ ಜನರ ನಂಬಿಕೆ ಬದಲಿಸುವುದು ಸುಲಭವಲ್ಲ ಎಂದು ದಾಖಲಿಸಿದ್ದಾನೆ. ಅದೇ ಶತಮಾನದ ಲೂಸಿಯನ್‌ನ ಒಂದು ಕೃತಿಯಲ್ಲಿ ಈ ವಾದ ಇನ್ನೂ ಮುಂದೆ ಹೋಗುತ್ತದೆ: ಗ್ರೀಸಿನಿಂದ ಕಟ್ಟುಕತೆಯನ್ನು ತೆಗೆದುಹಾಕಿದರೆ ಗೈಡುಗಳು ಹಸಿವಿನಿಂದ ಸಾಯಬೇಕಾಗುತ್ತದೆ, ನಿಜವನ್ನು ಬಿಟ್ಟಿ ಕೊಟ್ಟರೂ ಪರಸ್ಥಳದವರು ಕೇಳುವುದಿಲ್ಲ. ಇದರಿಂದ ಸತ್ಯ ಎಂಬುದು ಈ ಶಾಸ್ತ್ರದಲ್ಲಿ ಐಚ್ಛಿಕ ವಿಷಯವೆಂದು ಸಿದ್ಧವಾಗುತ್ತದೆ.

ಗೈಡುಕುಲದ ಮೂಲಪುರುಷರು ಯಾರು? ಹೋಮರನ ಹೆಸರಿನಲ್ಲಿ ಪ್ರಚಲಿತವಾಗಿರುವ ಅಪೊಲೊ ಸ್ತೋತ್ರದಲ್ಲಿ ಸುಳಿವಿದೆ. ಹೊಸ ಗುಡಿಗೆ ಅರ್ಚಕರು ಬೇಕಾಗಿ ಅಪೊಲೊ ಡಾಲ್ಫಿನ್ ರೂಪ ತಾಳಿ, ವ್ಯಾಪಾರಕ್ಕೆ ಹೊರಟಿದ್ದ ಕ್ರೀಟ್ ದ್ವೀಪದವರ ಹಡಗಿಗೆ ನೆಗೆದು, ಹಡಗನ್ನು ಈ ಕಡೆ ತಿರುಗಿಸಿಬಿಡುತ್ತಾನೆ. ನಡುಗುತ್ತ ಬೆಟ್ಟ ಹತ್ತಿ ಬಂದ ಕ್ರೀಟಿನವರು ಸಾಕ್ಷಾತ್ ದೇವರ ಮುಂದೆ ನಿಂತು ಮೋಕ್ಷ ಕೇಳಲಿಲ್ಲ. ಇಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ, ಹುಲ್ಲುಗಾವಲೂ ಇಲ್ಲ, ನಾವು ಬದುಕುವುದು ಹೇಗೆ ಎಂದು ಕೇಳಿದರು. ಬಲಗೈಯಲ್ಲಿ ಚೂರಿ ಹಿಡಿದು ಕುರಿ ಕಡಿಯುತ್ತಿರಿ, ಬರುವ ಯಾತ್ರಿಕರು ತರುವ ಕುರಿಗಳಿಗೆ ಕೊನೆಯಿರುವುದಿಲ್ಲ ಎಂದು ದೇವರು ನಗುತ್ತ ಹೇಳಿದ. ಯಾತ್ರಿಕರಿಗೂ ಕುರಿಗಳಿಗೂ ಇರುವ ಭೇದವನ್ನು ಸ್ತೋತ್ರ ಸ್ಪಷ್ಟವಾಗಿ ಕಾಪಾಡಿದೆ. ನಂತರದ ಪ್ರವಾಸೋದ್ಯಮ ಅಷ್ಟು ಎಚ್ಚರ ವಹಿಸಿಲ್ಲ.

ಪ್ರದಕ್ಷಿಣೆ ಬಸ್ಸಿನಲ್ಲೇ ಆರಂಭವಾಗುತ್ತದೆ. ಡೆಲ್ಫಿಗೆ ಬರುವ ಮೊದಲು ಬೆಟ್ಟಗಳ ನಡುವಿನ ಕವಲುದಾರಿಯೊಂದರ ಕಡೆ ಗೈಡು ಕೈ ತೋರಿಸುತ್ತಾರೆ. ಎದುರಿನಿಂದ ಬಂದ ರಥ ದಾರಿ ಬಿಡದಿದ್ದಕ್ಕೆ ಈಡಿಪಸ್ ತನ್ನ ತಂದೆಯನ್ನು ತಂದೆಯೆಂದು ತಿಳಿಯದೆ ಕೊಂದ ಜಾಗ ಆ ಕಡೆಗಿದೆ. ಕನ್ನಡದಲ್ಲಿ ಲಂಕೇಶರ ‘ದೊರೆ ಈಡಿಪಸ್’ ಓದಿಕೊಂಡು ಹೋದವರು ಕಿಟಕಿಗೆ ಅಂಟಿಕೊಳ್ಳುತ್ತಾರೆ, ಕಾಣುವುದು ರಸ್ತೆ. ಕತೆ ದೊಡ್ಡದಾದಷ್ಟೂ ತೋರಿಸುವುದಕ್ಕೆ ಇರುವುದು ಚಿಕ್ಕದು ಎಂಬ ಈ ಶಾಸ್ತ್ರದ ಮೂಲಸೂತ್ರಕ್ಕೆ ಇದು ಮೊದಲ ಉದಾಹರಣೆ.

ದ್ವಾರದೊಳಗೆ ಬಂದ ಮೇಲೆ ಪವಿತ್ರಪಥ ಎಂಬ ಕಲ್ಲುಹಾಸಿನ ದಾರಿ ತಿರುವು ತಿರುವಾಗಿ ಏರುತ್ತದೆ. ಇಕ್ಕೆಲದಲ್ಲೂ ಪೀಠಗಳು, ಪೀಠದ ಮೇಲೆ ಗಾಳಿ. ನೀರೋ ಚಕ್ರವರ್ತಿ ಇಲ್ಲಿಂದ 500 ವಿಗ್ರಹ ಹೊತ್ತೊಯ್ದನೆಂದು ಪೌಸಾನಿಯಸ್ ಬರೆಯುತ್ತಾನೆ. ಕ್ರಿ.ಪೂ. 479ರಲ್ಲಿ ಪ್ಲಾಟಿಯದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಮೇಲೆ ಗ್ರೀಕರು ನಿಲ್ಲಿಸಿದ ಕಂಚಿನ ಸರ್ಪಸ್ತಂಭವನ್ನು ಕಾನ್‌ಸ್ಟಂಟೈನ್ ತನ್ನ ರಾಜಧಾನಿಗೆ ಸಾಗಿಸಿದ. ಅದು ಇಂದಿಗೂ ಇಸ್ತಾಂಬುಲ್‌ನಲ್ಲಿದೆ, ತಲೆಗಳಿಲ್ಲದೆ. 2015ರಲ್ಲಿ ಪ್ರತಿಕೃತಿಯೊಂದು ಬರುವ ತನಕ, ಖಾಲಿ ಪೀಠದ ಮುಂದೆ ಗೈಡು ಮಡಚಿದ ಛತ್ರಿಯನ್ನು ನೆತ್ತಿಯ ಮೇಲೆತ್ತಿ ನಿಲ್ಲುತ್ತಿದ್ದರು, ತಂಡದವರು ಛತ್ರಿಯ ತುದಿ ನೋಡುತ್ತ ಮೂರು ಹೆಣೆದ ಹಾವುಗಳನ್ನು ಕಲ್ಪಿಸಿಕೊಳ್ಳುತ್ತಿದ್ದರು. ಆದರೆ ಫ್ರೆಂಚರು 1903ರಿಂದ 1906ರ ನಡುವೆ ಬಿದ್ದ ಕಲ್ಲುಗಳನ್ನೇ ಜೋಡಿಸಿ ಕಟ್ಟಿದ ಅಥೆನ್ಸಿನವರ ಭಂಡಾರ ಗೋಡೆ, ಕಂಬ ಸಮೇತ ನಿಂತಿರುವುದರಿಂದ ಅಲ್ಲಿ ಮಾತು ಕಡಿಮೆ, ಫೋಟೊ ಹೆಚ್ಚು. ಮೂಲಸೂತ್ರದ ಪ್ರತಿಲೋಮ ಪ್ರಮಾಣವಿದು.

ಮುಂದಿನದು ಹೊಕ್ಕುಳಿನ ಪ್ರಕರಣ. ಲೋಕದ ನಡು ಯಾವುದೆಂದು ತಿಳಿಯಲು ದೇವತೆಗಳ ಅರಸ ಜ್ಯೂಸ್ ಎರಡು ಹದ್ದುಗಳನ್ನು ಭೂಮಿಯ ಎರಡು ತುದಿಗಳಿಂದ ಹಾರಿಬಿಟ್ಟ. ಅವು ಡೆಲ್ಫಿಯ ಮೇಲೆ ಸಂಧಿಸಿದವು. ಅಲ್ಲಿ ಭೂಮಿಯ ಹೊಕ್ಕುಳೆಂಬ ಕಲ್ಲು ನೆಲೆಯಾಯಿತು. ಇಲ್ಲಿ ಶಂಕೆಗಳು ಏಳುತ್ತವೆ. ಎರಡು ಹದ್ದುಗಳ ವೇಗ ಒಂದೇ ಆಗಿತ್ತೆಂಬುದಕ್ಕೆ ಆಧಾರವೇನು? ಒಂದು ಹದ್ದು ದಾರಿಯಲ್ಲಿ ಮೊಲ ಕಂಡು ಕೆಳಗಿಳಿದಿದ್ದರೆ ಲೋಕಮಧ್ಯ ಎಷ್ಟು ಯೋಜನ ಸರಿಯುತ್ತಿತ್ತು? ಭೂಮಿ ಗುಂಡಗಿದ್ದರೆ ತುದಿ ಎಲ್ಲಿಂದ ಬಂತು? ಈ ಶಂಕೆಗಳಿಗೆ ಸಮಾಧಾನ: ಹಾರಿಬಿಟ್ಟವನು ಜ್ಯೂಸ್, ಅಳೆದವನೂ ಜ್ಯೂಸ್, ಡೆಲ್ಫಿಯ ಸ್ವಾಮಿ ಅವನ ಮಗ, ಇಂಥ ಸರ್ವೆಯಲ್ಲಿ ತಪ್ಪು ಬರುವ ಸಂಭವವೇ ಇಲ್ಲ. ಹೊಕ್ಕುಳು ಒಂದಕ್ಕಿಂತ ಹೆಚ್ಚಿರುವುದು ಇನ್ನೊಂದು ತೊಡಕು. ದಾರಿ ಪಕ್ಕದಲ್ಲಿ ಬೋಳು ಶಂಕುವಿನ ಆಕಾರದ್ದೊಂದು, ಮ್ಯೂಸಿಯಂನಲ್ಲಿ ಉಣ್ಣೆಯ ಬಲೆ ಹೊದಿಸಿದಂತೆ ಕೆತ್ತಿದ ಅಮೃತಶಿಲೆಯದೊಂದು. ಬಿಸಿಲಲ್ಲಿರುವುದು ಫೋಟೊಗೆ, ನೆರಳಲ್ಲಿರುವುದು ಪಾಂಡಿತ್ಯಕ್ಕೆ ಎಂದು ವಿನಿಯೋಗ ಹೇಳಬಹುದು. ಇವಲ್ಲದೆ ಜ್ಯೂಸನ ತಂದೆ ಕ್ರೋನಸ್ ತನ್ನ ಮಗನೆಂದು ತಿಳಿದು ನುಂಗಿ ಆಮೇಲೆ ಕಾರಿದ ಕಲ್ಲೂ ಡೆಲ್ಫಿಯಲ್ಲಿತ್ತು. ಅದಕ್ಕೆ ಪ್ರತಿದಿನ ಎಣ್ಣೆ ಹಚ್ಚುತ್ತಿದ್ದರೆಂದು ಪೌಸಾನಿಯಸ್ ಹೇಳುತ್ತಾನೆ. ಕಲ್ಲಿಗೂ ಮಗುವಿಗೂ ವ್ಯತ್ಯಾಸ ತಿಳಿಯದ ತಂದೆ ಲೋಕವಾಳುತ್ತಿದ್ದ ಕಾಲವನ್ನು ಗ್ರೀಕರು ಸುವರ್ಣಯುಗ ಎಂದು ಕರೆದರು.

ಅಲ್ಲೇ ಸಮೀಪ ಪೈಥಾನ್ ಪ್ರಸಂಗ ಬರುತ್ತದೆ. ಭೂದೇವಿ ಗಾಯಾಳ ಈ ಕ್ಷೇತ್ರವನ್ನು ಕಾಯುತ್ತಿದ್ದ ಮಹಾಸರ್ಪವನ್ನು ಅಪೊಲೊ ಬಾಣಗಳಿಂದ ಕೊಂದು ಜಾಗ ವಶಮಾಡಿಕೊಂಡ, ಕೊಂದ ಪಾಪ ಕಳೆಯಲು ಊರು ಬಿಟ್ಟು ಹೋದ ಎಂಬುದು ಒಂದು ಪಾಠ. ಗಾಯಾಳಿಂದ ಥೆಮಿಸ್‌ಗೆ, ಅವಳಿಂದ ಫೀಬೆಗೆ, ಫೀಬೆಯಿಂದ ಹುಟ್ಟುಹಬ್ಬದ ಉಡುಗೊರೆಯಾಗಿ ಅಪೊಲೊಗೆ ಖಾತೆ ಶಾಂತವಾಗಿ ಬದಲಾಯಿತು ಎಂಬುದು ನಾಟಕಕಾರ ಈಸ್ಕಿಲಸ್ ಕೊಡುವ ಇನ್ನೊಂದು ಪಾಠ. ಎರಡನೆಯದರಲ್ಲಿ ಯಾರೂ ಸಾಯದಿರುವುದರಿಂದ ಗೈಡುಗಳು ಅದನ್ನು ಪ್ರಕ್ಷಿಪ್ತವೆಂದು ಪರಿಗಣಿಸುತ್ತಾರೆ.

ಗುಡಿಯ ಜಗಲಿಯನ್ನು ಹೊತ್ತು ನಿಂತಿರುವ ಬಹುಭುಜ ಗೋಡೆಯ ಮುಂದೆ ತಂಡ ನಿಲ್ಲುವುದು ಅಪರೂಪ. ಕಲ್ಲುಗಳ ಅಂಚು ನೇರವಲ್ಲ, ಅಲೆಯಂತೆ ಬಾಗಿ ಒಂದರೊಳಗೊಂದು ಕೂತಿವೆ. ಸಂದಿಯಲ್ಲಿ ಉಗುರು ಹೋಗುವುದಿಲ್ಲ. ಹತ್ತಿರ ಹೋದರೆ ಕಲ್ಲಿನ ಮೈ ತುಂಬ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಅವು ಗುಲಾಮರ ಬಿಡುಗಡೆ ಪತ್ರಗಳು, ನೂರಾರು. ಗುಲಾಮನನ್ನು ಅಪೊಲೊ ದೇವರಿಗೆ ಮಾರಿದಂತೆ ಬರೆದು, ಬೆಲೆ ನಮೂದಿಸಿ, ಸಾಕ್ಷಿಗಳ ಹೆಸರು ಹಾಕಿ, ಆ ಮೂಲಕ ಅವನನ್ನು ಸ್ವತಂತ್ರನನ್ನಾಗಿ ಮಾಡುವ ಪದ್ಧತಿ. ಬಿಡುಗಡೆಯಾದ ಮೇಲೂ ಒಡೆಯ ಸಾಯುವ ತನಕ ಅಲ್ಲೇ ಚಾಕರಿ ಮಾಡತಕ್ಕದ್ದು ಎಂಬ ಕರಾರು ಎಷ್ಟೋ ಪತ್ರಗಳಲ್ಲಿದೆ. ಇಡೀ ಕ್ಷೇತ್ರದಲ್ಲಿ ಹೆಚ್ಚು ನಿಜವಿರುವುದು ಈ ಗೋಡೆಯ ಮೇಲೆ. ದೇವರು ಇಲ್ಲಿ ಕೊಳ್ಳುವವನಾಗಿ ಸಹಿಗೆ ಮಾತ್ರ ಬರುತ್ತಾನೆ. ಹಾವಿಲ್ಲ, ಹದ್ದಿಲ್ಲ, ತಂದೆಯ ಕೊಲೆಯಿಲ್ಲ. ಶಾಸನಗಳನ್ನು ಬಿಟ್ಟು ಮುಂದೆ ಹೋಗಿ ಎಂದು ಪ್ಲುಟಾರ್ಕನ ಗುಂಪಿನವರು ಸಲ್ಲಿಸಿದ ಅರ್ಜಿ ಸುಮಾರು 1,900 ವರ್ಷಗಳ ತರುವಾಯ ಮಂಜೂರಾಗಿರುವುದು ಈ ಗೋಡೆಯ ಮುಂದೆ.

ಗುಡಿಯ ಎದುರಿಗೆ ಕಿಯೋಸ್ ದ್ವೀಪದವರು ಕಟ್ಟಿಸಿದ ಬಲಿಪೀಠವಿದೆ. ಅವರಿಗೆ ಉಳಿದವರಿಗಿಂತ ಮೊದಲು ಕಣಿ ಕೇಳುವ ಹಕ್ಕು ಕೊಟ್ಟದ್ದನ್ನು ಅದರ ಮೇಲೆ ಕೆತ್ತಿದ್ದಾರೆ. ಇಂದಿನ ದೇವಸ್ಥಾನಗಳ ವಿಶೇಷ ದರ್ಶನದ ಸಾಲನ್ನು ಬಲ್ಲ ಕನ್ನಡಿಗ ಪ್ರವಾಸಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಕಣಿ ಸಿಗುತ್ತಿದ್ದುದು ತಿಂಗಳಿಗೊಮ್ಮೆ. ಚಳಿಗಾಲದ ಮೂರು ತಿಂಗಳು ಅಪೊಲೊ ಬಡಗಣ ದೇಶಕ್ಕೆ ಹೋಗುತ್ತಿದ್ದುದರಿಂದ ಅದೂ ಇಲ್ಲ. ಮೊದಲು ಒಂದು ಮೇಕೆಗೆ ತಣ್ಣೀರು ಸುರಿಯುತ್ತಿದ್ದರು. ಮೇಕೆ ಮೈಯೆಲ್ಲ ನಡುಗಿದರೆ ದೇವರು ಒಳಗಿದ್ದಾನೆಂದು ಅರ್ಥ. ಬೆಟ್ಟದ ಚಳಿಯಲ್ಲಿ ದೇವರು ಒಳಗಿಲ್ಲದ ದಿನಗಳು ಕಡಿಮೆಯೇ ಇದ್ದಿರಬೇಕು.

ಒಳಗೆ ಮುಕ್ಕಾಲಿಯ ಮೇಲೆ ಕೂತು ಕಣಿ ಹೇಳುವ ಹೆಂಗಸು, ಅಂದರೆ ಪಿಥಿಯಾ, ನೆಲದಿಂದೇಳುವ ಹಬೆಯಿಂದ ಆವೇಶಗೊಳ್ಳುತ್ತಿದ್ದಳು ಎಂದು ಪ್ರಾಚೀನರು ನಂಬಿದ್ದರು. ಅಗೆದ ಫ್ರೆಂಚರಿಗೆ ಬಿರುಕು ಸಿಗಲಿಲ್ಲ, ಹಬೆ ಸುಳ್ಳಾಯಿತು. 2001ರಲ್ಲಿ ಭೂವಿಜ್ಞಾನಿಗಳು ಗುಡಿಯ ಕೆಳಗೆ ಸ್ತರಭಂಗಗಳು ಕೂಡುತ್ತವೆ, ಎಥಿಲೀನ್ ಅನಿಲ ಬಂದಿರಬಹುದು ಎಂದರು, ಹಬೆ ನಿಜವಾಯಿತು. ಬೇರೆ ವಿಜ್ಞಾನಿಗಳು ಅಷ್ಟು ಅನಿಲ ಸಾಲದು ಎಂದರು. ಗೈಡು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದರಿಂದ ಕೇಳುವವರಿಗೂ ಸ್ವಲ್ಪ ಮತ್ತು ಬರುತ್ತದೆ.

ಲಿಡಿಯಾದ ಅರಸು ಕ್ರೀಸಸ್‌ನ ಕತೆಗೆ ತಂಡ ಇಲ್ಲಿ ಕೂರುತ್ತದೆ. ಇತಿಹಾಸಕಾರ ಹೆರೊಡೋಟಸ್ ಹೇಳುವಂತೆ ಈ ಅರಸು ಹಲವು ಕಣಿಗಳನ್ನು ಒಟ್ಟಿಗೆ ಪರೀಕ್ಷೆಗೆ ಒಡ್ಡಿದ: ದೂತರು ಹೊರಟ ನೂರನೆಯ ದಿನ ತಾನು ಏನು ಮಾಡುತ್ತಿದ್ದೇನೆಂದು ಹೇಳಬೇಕು. ಆ ದಿನ ಅವನು ಕಂಚಿನ ಮುಚ್ಚಳದ ಕಂಚಿನ ಕೊಪ್ಪರಿಗೆಯಲ್ಲಿ ಆಮೆಯನ್ನೂ ಕುರಿಮರಿಯನ್ನೂ ಸೇರಿಸಿ ಬೇಯಿಸುತ್ತಿದ್ದ. ಡೆಲ್ಫಿ ವಾಸನೆ ಹಿಡಿದು ಹೇಳಿತು. ಒಲಿದ ಅರಸು ರಾಶಿ ಚಿನ್ನ ಕಳುಹಿಸಿ, ಪರ್ಷಿಯದ ಮೇಲೆ ದಂಡೆತ್ತಲೇ ಎಂದು ಕೇಳಿದ. ಎತ್ತಿದರೆ ಒಂದು ದೊಡ್ಡ ಸಾಮ್ರಾಜ್ಯ ನಾಶವಾಗುತ್ತದೆ ಎಂಬ ಉತ್ತರ ಬಂತು. ನಾಶವಾದದ್ದು ಅವನದೇ. ಸೆರೆಯಾದವನು ತನ್ನ ಬೇಡಿಗಳನ್ನು ಡೆಲ್ಫಿಗೆ ಕಳುಹಿಸಿ ಆಕ್ಷೇಪಿಸಿದಾಗ, ಯಾವ ಸಾಮ್ರಾಜ್ಯ ಎಂದು ಮರಳಿ ಕೇಳಬೇಕಾಗಿತ್ತು ಎಂದು ಗುಡಿಯವರು ಸಮಜಾಯಿಷಿ ಕೊಟ್ಟರು. ಕೊಟ್ಟ ಚಿನ್ನ ಹಿಂದಿರುಗಿಸಿದ ಸುದ್ದಿ ಹೆರೊಡೋಟಸ್‌ನಲ್ಲಿ ಇಲ್ಲ.

ಗುಡಿಯ ಮೇಲೆ ಸುಮಾರು 5,000 ಜನ ಕೂರಬಹುದಾದ ರಂಗಮಂದಿರ, ಅದರ ಮೇಲೆ ನಾಲ್ಕು ವರ್ಷಕ್ಕೊಮ್ಮೆ ಪಿಥಿಯನ್ ಕ್ರೀಡೆಗಳು ನಡೆಯುತ್ತಿದ್ದ ಓಟದ ಕಣ. ರಂಗಮಂದಿರದಲ್ಲಿ ಅರ್ಧ ತಂಡ ಕೂತುಬಿಡುತ್ತದೆ. ಓಟದ ಕಣವನ್ನು ತಲುಪಿದವರಲ್ಲಿ ಯಾರೂ ಓಡುವುದಿಲ್ಲ.

ಇಳಿದು ರಸ್ತೆ ದಾಟಿದರೆ ಅಥೀನಾ ದೇವಿಯ ಆವರಣ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಕೊಳ್ಳೆಗೆ ಬಂದಾಗ ಪರ್ನಾಸಸ್‌ನಿಂದ ಎರಡು ಬಂಡೆಗಳು ಅವರ ಮೇಲೆ ಉರುಳಿದವು, ತನ್ನ ಕಾಲಕ್ಕೂ ಅವು ಇಲ್ಲಿ ಬಿದ್ದಿದ್ದವು ಎಂದು ಹೆರೊಡೋಟಸ್ ಬರೆದಿದ್ದಾನೆ. 1905ರಲ್ಲಿ ಮತ್ತೆ ಬಂಡೆ ಉರುಳಿ, ಅಥೀನಾಳ ಗುಡಿಯಲ್ಲಿ ಉಳಿದಿದ್ದ ಹೆಚ್ಚಿನ ಕಂಬಗಳನ್ನೇ ಕೆಡವಿತು. ಮೊದಲನೆಯದು ಪವಾಡ, ಎರಡನೆಯದು ಭೂಕುಸಿತ. ಕೆಳಗೆ ಯಾರಿದ್ದರು ಎಂಬುದರ ಮೇಲೆ ಈ ವಿಂಗಡಣೆ ನಿಂತಿದೆ.

ಕೊನೆಯದು ದಕ್ಷಿಣಾ ಪ್ರಕರಣ. ಪ್ರಾಚೀನರು ಕಣಿ ಕೇಳುವ ಮೊದಲೇ ನೈವೇದ್ಯದ ರೊಟ್ಟಿಯ ಹೆಸರಿನಲ್ಲಿ ನಿಗದಿತ ಶುಲ್ಕ ಕಟ್ಟುತ್ತಿದ್ದರು. ಒಂದು ರಾಜ್ಯದ ಪರವಾಗಿ ಬಂದವರಿಗೆ ಖಾಸಗಿಯವರಿಗಿಂತ ದರ ಹೆಚ್ಚು. ಆಧುನಿಕರು ಕೇಳಿದ ಮೇಲೆ, ಮ್ಯೂಸಿಯಂನ ಕಂಚಿನ ಸಾರಥಿಯ ಮುಂದೆ ಇಯರ್‌ಫೋನ್ ಹಿಂದಿರುಗಿಸುವಾಗ, ತೋಚಿದಷ್ಟು ಕೊಡುತ್ತಾರೆ. ಎಷ್ಟು ಕೊಡಬೇಕೆಂದು ಗೈಡನ್ನೇ ಕೇಳಿದರೆ ನಿಮ್ಮ ಇಷ್ಟ ಎಂಬ ಉತ್ತರ ಬರುತ್ತದೆ. ಯಾರ ಇಷ್ಟ ಎಂದು ಮರಳಿ ಕೇಳುವ ವಾಡಿಕೆ ಇಲ್ಲ.