ಕೊಸರು ಮೀಮಾಂಸೆ: ಹುಬ್ಬಳ್ಳಿ-ಧಾರವಾಡದ ಚಿಲ್ಲರೆ ವ್ಯಾಪಾರವೂ ಸರಕಾರದ ಅಂಕುಶವೂ

ತೂಕವಾದ ಮೇಲೆ, ದರ ತೀರಿದ ಮೇಲೆ, ರೊಕ್ಕ ಕೈಬಿಡುವ ಮುಂಚೆ, ಅಂಗಡಿಯವರು ಮುಖ ಸಿಂಡರಿಸುತ್ತ ಗಿರಾಕಿಯ ಚೀಲದೊಳಗೆ ಹಾಕುವ ಹೆಚ್ಚುವರಿ ವಸ್ತುವಿಗೆ ಕೊಸರು ಎಂದು ಹೆಸರು. ಮುಖ ಸಿಂಡರಿಸುವುದು ಲಕ್ಷಣದಲ್ಲಿ ಸೇರಿದ್ದೇ. ನಗುತ್ತ ಹಾಕಿದರೆ ಅದು ದಾನ, ಕೇಳದೆ ಹಾಕಿದರೆ ಕೊಳೆತದ್ದು, ಬಿಲ್ಲಿನಲ್ಲಿ ಬರೆದು ಹಾಕಿದರೆ ಆಫರ್. ಈ ಮೂರನ್ನೂ ಕಳೆದು ಉಳಿದದ್ದೇ ಶುದ್ಧ ಕೊಸರು.

ಬಿ.ಕಾಂ. ಪಠ್ಯಪುಸ್ತಕಗಳು ಚಿಲ್ಲರೆ ಅಂಗಡಿಗಳನ್ನು ಡಿಪಾರ್ಟ್‌ಮೆಂಟಲ್ ಸ್ಟೋರ್, ಸೂಪರ್ ಮಾರ್ಕೆಟ್, ಡಿಸ್ಕೌಂಟ್ ಸ್ಟೋರ್ ಎಂದು ಗೋಡೆ-ಛಾವಣಿಗಳ ಆಧಾರದ ಮೇಲೆ ವಿಂಗಡಿಸುತ್ತವೆ. ಇದು ಮನುಷ್ಯರನ್ನು ಟೊಪ್ಪಿಗೆಯ ಮೇಲೆ ವಿಂಗಡಿಸಿದ ಹಾಗೆ. ಅವಳಿ ನಗರದಲ್ಲಿ ಅಂಗಡಿಗಳು ನಿಜವಾಗಿ ಮೂರೇ ಬಗೆ: ಕೇಳಿದರೆ ಕೊಸರು ಹಾಕುವವು, ಜಗಳಾಡಿದರೆ ಹಾಕುವವು, ಹಾಕಲು ಬಾರದವು. ಈ ಸಿದ್ಧಾಂತಕ್ಕೆ ಆಧಾರ, ಮನೆಯವರು ಕೈಗೆ ಕೊಟ್ಟ ಕಾಯಿಪಲ್ಲೆ ಚೀಲ ಹಿಡಿದು ಗ್ರಂಥಕರ್ತನು ಹಲವು ವರ್ಷ ನಡೆಸಿದ ಕ್ಷೇತ್ರಕಾರ್ಯ. ಅದಕ್ಕೆ ಅನುದಾನ ಕೊಟ್ಟವರೂ ಅವರೇ, ಲೆಕ್ಕ ಕೇಳಿದವರೂ ಅವರೇ.

ಪೂರ್ವಪಕ್ಷದವರು ಕೊಸರು ಬರೀ ರೂಢಿ, ಶಾಸ್ತ್ರವಲ್ಲ ಎನ್ನುತ್ತಾರೆ. ಅವರು ಕೌಟಿಲ್ಯನ ಅರ್ಥಶಾಸ್ತ್ರ ಓದಿಲ್ಲ. ಓದದಿರಲು ನೆಪವೂ ಇಲ್ಲ, ಯಾಕೆಂದರೆ ಅದನ್ನು ಮೈಸೂರಿನ ಓಲೆಗರಿಗಳಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳೇ. ಕೌಟಿಲ್ಯ ತೂಕದ ಕಲ್ಲುಗಳ ಮೇಲೆ ಒಬ್ಬ ಪೌತವಾಧ್ಯಕ್ಷನನ್ನು ಕೂರಿಸುತ್ತಾನೆ. ನಾಲ್ಕು ತಿಂಗಳಿಗೊಮ್ಮೆ ಕಲ್ಲಿಗೆ ಮುದ್ರೆ ಬೀಳಬೇಕು, ತಪ್ಪಿದರೆ ಇಪ್ಪತ್ತೇಳೂಕಾಲು ಪಣ ದಂಡ. ಆ ಕಾಲು ಪಣ ಯಾಕೆಂದು ಗ್ರಂಥಕರ್ತನಿಗೆ ಬಹಳ ದಿನ ನಿದ್ದೆ ಬರಲಿಲ್ಲ. ಈಗ ಅನುಮಾನವಿಲ್ಲ, ಅದು ದಂಡದ ಮೇಲಿನ ಕೊಸರು. ಮುಂದೆ ಹೋದರೆ ಇನ್ನೂ ಸ್ಪಷ್ಟ: ಕಾಸಿದ ತುಪ್ಪ ಕೊಡುವಾಗ ಮೂವತ್ತೆರಡನೆಯ ಒಂದು ಭಾಗ ಹೆಚ್ಚು, ಎಣ್ಣೆಗೆ ಅರವತ್ತನಾಲ್ಕನೆಯ ಒಂದು ಭಾಗ ಹೆಚ್ಚು ಕೊಡಬೇಕು, ಹೆಸರು ತಪ್ತವ್ಯಾಜಿ. ದ್ರವ ಅಳೆದರೆ ಪಾವಿಗೆ ಅಂಟಿಕೊಂಡಿದ್ದಕ್ಕೂ ಐವತ್ತನೆಯ ಒಂದು ಪಾಲು. ಅಂದರೆ ಕೊಸರು ಒಂದಾನೊಂದು ಕಾಲಕ್ಕೆ ಸರಕಾರಿ ಆದೇಶವಾಗಿತ್ತು.

ಆಮೇಲೆ ಬಂದ ಸರಕಾರಗಳು ಅದನ್ನು ಎಲ್ಲಿ ಕಳೆದುಕೊಂಡವೋ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವನ್ನು ಈ ತುದಿಯಿಂದ ಆ ತುದಿಗೆ ಜಾಲಾಡಿದರೂ ಕಡಿಮೆ ತೂಗಿದವನಿಗೆ ಶಿಕ್ಷೆ ಸಿಗುತ್ತದೆ, ಹೆಚ್ಚು ತೂಗಿದವನಿಗೆ ಒಂದು ಶಹಬ್ಬಾಸ್ ಸಿಗುವುದಿಲ್ಲ. ಅದರಡಿಯ ನಿಯಮಗಳು ಎಂಆರ್‌ಪಿ ಮೀರಬಾರದು ಎನ್ನುತ್ತವೆ, ಕೆಳಗಿಳಿಯಲು ಎಷ್ಟು ಹೊತ್ತು ಚೌಕಾಸಿ ಮಾಡಬೇಕೆಂದು ಹೇಳುವುದಿಲ್ಲ. ಇನ್ನು 2017ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಉಪಕಲಮು, ಉಡುಗೊರೆಯಾಗಿಯೋ ಸ್ಯಾಂಪಲ್ಲಾಗಿಯೋ ಬಿಟ್ಟುಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮಾ ಸಿಗದು ಎನ್ನುತ್ತದೆ. ಕಾಯ್ದೆ ಬರೆದವರ ಮನೆಯಲ್ಲಿ ಯಾರೋ ಕೊಸರು ಕೇಳಿ ಬೈಸಿಕೊಂಡಿರಬೇಕು.

ಇಷ್ಟಾದ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗೋಣ. ಅಲ್ಲಿ ಬುಟ್ಟಿ ಮುಂದೆ ಕೂತ ಅಜ್ಜಿ ಮೊದಲ ಬಗೆಗೆ ಸೇರಿದವಳು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ 40 ಮಂದಿಗೆ ಕಡಿಮೆಯಿಲ್ಲದೆ ಅವಳಂಥವರೇ ಇರಬೇಕು, ಅದರಲ್ಲಿ ಮೂರರಲ್ಲೊಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆ ಅವಳ ಸಮೀಕ್ಷೆ, ಅವಳಿಗೊಂದು ಪ್ರಮಾಣಪತ್ರ. ಅಜ್ಜಿಯಾದರೋ ಸಮೀಕ್ಷೆಯನ್ನು ದಿನವೂ ನಡೆಸುತ್ತಾಳೆ. ಚೀಲ ಬಟ್ಟೆಯದೋ ಪ್ಲಾಸ್ಟಿಕ್ಕಿನದೋ, ಗಿರಾಕಿ ಪಾವ್ ಕಿಲೋದವನೋ ಎರಡು ಕಿಲೋದವನೋ ಎಂಬುದನ್ನು ದೂರದಿಂದಲೇ ಅಳೆದು ದರ ಹೇಳುತ್ತಾಳೆ. "ಯವ್ವಾ, ಎರಡು ಮೆಣಸಿನಕಾಯಿ ಹಾಕು" ಎಂದರೆ, "ನಿನ್ನ ಕೊಸರಿಗೇ ನನ್ನ ಬುಟ್ಟಿ ಬರಿದಾತು" ಎಂದು ಮೂರು ಹಾಕುತ್ತಾಳೆ. ಮೂರನೆಯದು ಬೈಗುಳಕ್ಕೆ ಕೊಟ್ಟ ಪರಿಹಾರ ಎಂದು ಗ್ರಂಥಕರ್ತನ ಅಭಿಪ್ರಾಯ.

ಪಕ್ಕದಲ್ಲೇ ಗಿರ್ಮಿಟ್ಟಿನ ಗಾಡಿ. ಅದಕ್ಕೆ ಬೇಕಾದ ಚುರಮುರಿ ಬಿಡಿಯಾಗಿ ಚೀಲದಲ್ಲಿದ್ದರೆ ತೆರಿಗೆ ಇಲ್ಲ. ಅದನ್ನೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದರೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ. ಅನ್ನಕ್ಕೆ ಬಟ್ಟೆ ತೊಡಿಸಿದರೆ ಸುಂಕ, ಬತ್ತಲೆಯಿದ್ದರೆ ಮಾಫಿ! ಮಿರ್ಚಿ ಕಟ್ಟಿಕೊಡುವ ಪತ್ರಿಕೆಯ ತುಂಡು ಯಾವ ವರ್ಗಕ್ಕೆ ಸೇರುತ್ತದೆ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಓಣಿಯ ಕಿರಾಣಿ ಅಂಗಡಿ ಎರಡನೆಯ ಬಗೆ. ಅಲ್ಲಿ ಕೊಸರು ಕಾಲದ ರೂಪದಲ್ಲಿ ಸಿಗುತ್ತದೆ, ಹೆಸರು ಉದ್ರಿ. 2024ರ ತಿದ್ದುಪಡಿಯಂತೆ ಅಂಗಡಿಯ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಹೊರಗಿನ ಬೋರ್ಡಿನ ಜಗಳ ಏನೇ ಇರಲಿ, ಗಲ್ಲಾದ ಮೇಲಿನ "ಇಂದು ನಗದಿ, ನಾಳೆ ಉದ್ರಿ" ಮೊದಲಿಂದಲೂ ನೂರಕ್ಕೆ ನೂರು ಕನ್ನಡದಲ್ಲೇ ಇದೆ. ಗಿರಾಕಿಗೆ ಇಲ್ಲ ಎನ್ನುವಾಗ ಯಾರೂ ಇಂಗ್ಲಿಷಿನ ಹಂಗಿಗೆ ಹೋಗುವುದಿಲ್ಲ. ಉದ್ರಿ ಪುಸ್ತಕ ಅಂಗಡಿಕಾರನಿಗೆ ಮಾತ್ರ ಓದಲು ಬರುವ ಲಿಪಿಯಲ್ಲಿದ್ದದ್ದರಿಂದ ಯಾವ ಇಲಾಖೆಗೂ ದಕ್ಕಲಿಲ್ಲ. ಫೋನಿನಿಂದ ರೊಕ್ಕ ಕೊಡುವ ಕ್ಯೂಆರ್ ಚೌಕಚಿತ್ರ ಬಂತು, ಲೆಕ್ಕ ದಕ್ಕಿತು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದ ಹಾವೇರಿಯಲ್ಲಿ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಲು ಹೇಳಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಎಂಬುದು ಆಮೇಲೆ ಎಲ್ಲರಿಗೂ ನೆನಪಾಯಿತು. ನಾಡಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ" ಎಂಬ ಚೀಟಿಗಳು ಎದ್ದವು.

ಜವಳಿ ಸಾಲಿನಲ್ಲಿ ಗಾದಿಯ ಮೇಲೆ ಕೂರಿಸಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಹರವುವ ಅಂಗಡಿಗಳಲ್ಲಿ ಕೊಸರು ಚಹಾದ ರೂಪ ತಾಳುತ್ತದೆ. ಕುಡಿದವನು ಬರಿಗೈಲಿ ಏಳಲಾರ. ಅದರ ಬಗ್ಗೆ ಇಷ್ಟು ಸಾಕು.

ಧಾರವಾಡದ ಪ್ರಶ್ನೆ ಬೇರೆ: ಅಂಗಡಿ ತೆರೆದಿದೆಯೋ ಇಲ್ಲವೋ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, ಐದು ತಾಸಿಗಿಂತ ಹೆಚ್ಚು ಎಡೆಬಿಡದೆ ದುಡಿಸಬಾರದು, ನಡುವೆ ಕನಿಷ್ಠ ಒಂದು ತಾಸು ವಿರಾಮ ಬೇಕು ಎಂದು ನೌಕರರ ಸಲುವಾಗಿ ವಿಧಿಸಿದೆ. ಧಾರವಾಡದ ಮಾಲೀಕರು ಇದನ್ನು ತಮಗೇ ಅನ್ವಯಿಸಿಕೊಂಡು, "ಕನಿಷ್ಠ" ಎಂಬ ಪದಕ್ಕೆ ಹಿಗ್ಗಿನ ವ್ಯಾಖ್ಯೆ ಬರೆದು, ಊಟವಾದ ಮೇಲೆ ಶಟರ್ ಎಳೆಯುತ್ತಾರೆ. 2021ರ ಜನವರಿಯಲ್ಲಿ ಸರಕಾರ ಹತ್ತು ಮತ್ತು ಹೆಚ್ಚು ನೌಕರರಿರುವ ಅಂಗಡಿಗಳಿಗೆ ಹಗಲೂರಾತ್ರಿ ತೆರೆದಿರಲು ಅನುಮತಿ ಕೊಟ್ಟಾಗಲೂ ಊರಿನ ನಿದ್ದೆ ಕೆಡಲಿಲ್ಲ. ಆ ಊರಿನ ಪೇಡೆಯಲ್ಲಂತೂ ಕೊಸರು ಶೂನ್ಯ, ಯಾಕೆಂದರೆ ಕೊಸರು ಸರತಿಯ ಉದ್ದಕ್ಕೆ ವಿಲೋಮವಾಗಿರುತ್ತದೆ. ಬಿಡಿ ಸಿಹಿತಿಂಡಿಯ ಮುಂದೆ ಎಂದಿನವರೆಗೆ ತಿನ್ನಬಹುದೆಂದು ಬರೆಯಬೇಕೆಂಬ ನಿಯಮ 2020ರ ಅಕ್ಟೋಬರಿನಲ್ಲಿ ಬಂತು. ಮನೆ ಮುಟ್ಟುವ ಮೊದಲೇ ಡಬ್ಬಿ ಅರ್ಧವಾಗುವ ಊರಿನಲ್ಲಿ ಅದು ವೇದಾಂತದ ಪ್ರಶ್ನೆ.

ಕೊಸರಿಗೆ ಇತಿಹಾಸದ ಸಾಕ್ಷಿಯೂ ಇದೆ. 1673ರಲ್ಲಿ ಮರಾಠಾ ಸೈನ್ಯ ಹುಬ್ಬಳ್ಳಿಯನ್ನು ಸೂರೆಮಾಡಿದಾಗ ಈಸ್ಟ್ ಇಂಡಿಯಾ ಕಂಪನಿಯ ಮಳಿಗೆಯೂ ಹೋಯಿತು. ಹಾನಿ ತುಂಬಿಕೊಡಿ ಎಂದು ಕಂಪನಿ ಶಿವಾಜಿಯ ದರ್ಬಾರಿನಲ್ಲಿ ಕೊಸರಾಡಿತು. ಕೊಸರಾಟಕ್ಕೂ ಕೊಸರಿಗೂ ಸಂಬಂಧವಿಲ್ಲ ಎಂದು ಭಾಷಾಶಾಸ್ತ್ರಿಗಳು ಹೇಳಿದರೆ, ಅವರು ಎಂದೂ ಸಂತೆಗೆ ಹೋದವರಲ್ಲ.

ಮೂರನೆಯ ಬಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ಮಾಲುಗಳು. ಅಲ್ಲಿ ಗ್ರಂಥಕರ್ತನು ಒಮ್ಮೆ ಕಾಲು ಕಿಲೋ ಬದನೆಕಾಯಿ ತೂಗಿಸಿ, ಸ್ಟಿಕ್ಕರ್ ಅಂಟಿದ ಮೇಲೆ ಕರಿಬೇವು ಕೇಳಿದನು. ಹುಡುಗ ಗಾಬರಿಯಾಗಿ, "ಅದಕ್ಕ ಬಾರ್‌ಕೋಡ್ ಬೇಕ್ರಿ ಸರ್" ಎಂದನು. ಪಾಪ, ಅವನ ತಪ್ಪಲ್ಲ. ಯಂತ್ರಕ್ಕೆ ಮುಖ ಸಿಂಡರಿಸಲು ಬರುವುದಿಲ್ಲ.

ಪ್ರಬಂಧ ಮುಗಿದ ಸಂಜೆ ದುರ್ಗದಬೈಲಿಗೆ ಹೋಗಿ ಅಜ್ಜಿಗೆ ಸಾರಾಂಶ ಓದಿ ಹೇಳಲಾಯಿತು. ಕೌಟಿಲ್ಯನ ಹತ್ತಿರ ಬಂದಾಗ ತೂಕಡಿಸಿದಳು, ನೋಟಿಸಿನ ಹತ್ತಿರ ಬಂದಾಗ ಎದ್ದು ಕೂತಳು. ಟೊಮ್ಯಾಟೊ ತೂಗಿ, ಒಂದು ಹಿಡಿ ಕೊತ್ತಂಬರಿ ಚೀಲಕ್ಕೆ ತುರುಕಿ, ಆಚೀಚೆ ನೋಡಿ ಹೇಳಿದಳು: "ಇದನ್ನ ಬರೀಬ್ಯಾಡ್ರಿ."