ಪಲ್ಲವಿಯನ್ನು ಒಮ್ಮೆ ಬರೆದರೆ ಸಾಕು

ಸಾಫ್ಟ್‌ವೇರ್ ಕೆಲಸದವರ ಬಯೋಡೇಟಾದ ಕೊನೆಯಲ್ಲಿ 'ಹವ್ಯಾಸಗಳು' ಎಂಬ ಸಾಲೊಂದು ಇರುತ್ತದೆ. ಅದರ ಮುಂದೆ 'ಸಂಗೀತ ಕೇಳುವುದು' ಎಂದಿರುತ್ತದೆ. ಜಾಗ ತುಂಬಿಸಲು ಬರೆದದ್ದು ಎಂದುಕೊಂಡು ಓದುವವರು ಪುಟ ಮಗುಚುತ್ತಾರೆ. ನನ್ನ ತಕರಾರು ಬೇರೆ. ಅದು ಸುಳ್ಳಲ್ಲ, ಆದರೆ ಹವ್ಯಾಸವೂ ಅಲ್ಲ. ಹಗಲೆಲ್ಲ ಮಾಡಿದ ಕೆಲಸವನ್ನೇ ಪ್ರೋಗ್ರಾಮರು ರಾತ್ರಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬಿಟ್ಟಿಯಾಗಿ ಮುಂದುವರಿಸುತ್ತಾನೆ, ಅಷ್ಟೆ. ಇದಕ್ಕೆ ಸಾಕ್ಷಿ ಹುಡುಕಲು ವೈಟ್‌ಫೀಲ್ಡಿಗೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳಬೇಕಿಲ್ಲ. ಕೃಷ್ಣೆಯ ದಂಡೆಯ ಗಲಗಲಿ, ಆ ಸೀಮೆಯದೇ ಆದ ರಬಕವಿ-ಬನಹಟ್ಟಿ, ಇವೆರಡೇ ಸಾಕು.

ಗಲಗಲಿ ಎಂದರೆ ಗಲಗಲಿ ಅವ್ವನ ಊರು. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಜೊತೆಗೆ ಹೆಸರು ಹೇಳಬೇಕಾದ ದಾಸ ಪರಂಪರೆಯ ಹೆಣ್ಣುಮಗಳು. ಈ ಪರಂಪರೆಯ ಹಾಡುಗಳ ಪುಸ್ತಕ ಯಾವುದನ್ನಾದರೂ ತೆಗೆದು ನೋಡಿ. ಮೊದಲು ಪಲ್ಲವಿ, ಅದರ ಕೊನೆಗೆ ಎರಡು ಗೀಟುಗಳ ನಡುವೆ ಒಂದು 'ಪ'. ಆಮೇಲೆ ಚರಣಗಳಿಗೆ 1, 2, 3. ಪ್ರತಿ ಚರಣ ಮುಗಿದ ಮೇಲೂ ಪಲ್ಲವಿ ಹಾಡಬೇಕು. ಆದರೆ ಅದನ್ನು ಮತ್ತೆ ಯಾರೂ ಅಚ್ಚು ಹಾಕುವುದಿಲ್ಲ. ಒಮ್ಮೆ ಬರೆದು ಹೆಸರಿಟ್ಟು, ಬೇಕಾದಾಗಲೆಲ್ಲ ಕರೆಯುವುದು: ಪ್ರೋಗ್ರಾಮರು ಇದನ್ನೇ 'ಫಂಕ್ಷನ್' ಎನ್ನುತ್ತಾನೆ, ಕಲಿಸಲು ಫೀಸು ತೆಗೆದುಕೊಳ್ಳುತ್ತಾನೆ. ಅವ್ವಂದಿರು ಬೀಸುತ್ತ ಕುಟ್ಟುತ್ತ ಇದನ್ನು ಬಾಯಲ್ಲೇ ನಡೆಸಿದರು. ಮನೆಯಲ್ಲಿ ಪೈಪ್ ಆರ್ಗನ್ ಇಟ್ಟುಕೊಂಡು ನುಡಿಸುವ ಗಣಕ ವಿಜ್ಞಾನಿ ಡೊನಾಲ್ಡ್ ನೂತ್ 1977ರಲ್ಲಿ ಹಾಡುಗಳ ಸಂಕೀರ್ಣತೆ ಕುರಿತು ಒಂದು ತಮಾಷೆಯ ಲೇಖನ ಬರೆದರು. ಪಲ್ಲವಿ ಇದ್ದರೆ ನೆನಪಿನ ಹೊರೆ ಇಳಿಯುತ್ತದೆ ಎಂಬುದು ಅದರೊಳಗಿನ ಲೆಕ್ಕ. ಭಜನೆಯ ಹಿಮ್ಮೇಳದವರಿಗೆ ಇದನ್ನು ಓದಿ ಹೇಳಿದರೆ "ಇದಕ್ಯಾಕ್ರೀ ಇಷ್ಟ ಲೆಕ್ಕ?" ಅಂದಾರು. ಚರಣವೆಲ್ಲ ಮುಂದೆ ಹಾಡುವವನ ತಲೆನೋವು, ಅವರಿಗೆ ಪಲ್ಲವಿ ಗೊತ್ತಿದ್ದರೆ ರಾತ್ರಿ ಬೆಳಗಾಗುತ್ತದೆ.

ಇನ್ನು ರಬಕವಿ-ಬನಹಟ್ಟಿ, ನೇಕಾರರ ಊರು. ಜಕಾರ್ಡ್ ಕೂಡಿಸಿದ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರವೊಂದು ಜೋತಾಡುತ್ತದೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ನಡುವಿನಿಂದ ಲಾಳಿ ಹೊಕ್ಕಿನ ನೂಲು ಎಳೆದುಕೊಂಡು ಓಡುತ್ತದೆ. ಸರದ ತುದಿಗಳನ್ನು ಒಂದಕ್ಕೊಂದು ಹೊಲಿದಿರುವುದರಿಂದ ಕೊನೆಯ ಕಾರ್ಡಿನ ಬೆನ್ನಿಗೆ ಮೊದಲನೆಯದು ಬಂದು, ಅದೇ ಹೂವು ಮತ್ತೆ ಅರಳುತ್ತದೆ. ಒಂದು ತೂತು ತಪ್ಪಿತೋ, ಒಂದೊಂದು ಹೂವಿಗೂ ಅದೇ ಊನ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಮಾಡಿದ ಈ ಏರ್ಪಾಡನ್ನೇ ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಯೋಜಿಸಿಕೊಂಡ. ಮಗ್ಗ ಹೂವು ಎಲೆ ನೇಯ್ದಂತೆ ಈ ಯಂತ್ರ ಬೀಜಗಣಿತ ನೇಯುತ್ತದೆ ಎಂಬರ್ಥದಲ್ಲಿ 1843ರಲ್ಲಿ ಅವನ ಸ್ನೇಹಿತೆ ಏಡಾ ಲವ್‌ಲೇಸ್ ಬರೆದಳು. ಯಂತ್ರ ಮಾತ್ರ ಪೂರ್ತಿಯಾಗಲೇ ಇಲ್ಲ. ಇಲ್ಲದ ಯಂತ್ರಕ್ಕೆ ಆಕೆ ಪ್ರೋಗ್ರಾಮು ಬರೆದಳೆಂದು ನಾವು ಬೆರಗಾಗುತ್ತೇವೆ. ಗಿರಾಕಿ ಏನು ಕೇಳಿದ್ದಾನೆಂದು ತಿಳಿಯುವ ಮೊದಲೇ ಅರ್ಧ ಬರೆದು ಮುಗಿಸುವ ಇಂದಿನವರಿಗೆ ಅದರಲ್ಲಿ ವಿಶೇಷವೇನೂ ಕಾಣಲಾರದು.

ಹಾಗಾದರೆ ನೇಕಾರನೂ ಪ್ರೋಗ್ರಾಮರೇ ಅಲ್ಲವೇ, ಅವನಿಗೇಕೆ ಆ ಸಂಬಳವಿಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ನನ್ನಲ್ಲಿ ಉತ್ತರವಿಲ್ಲ. ಗಣಕದ ಚರಿತ್ರೆ ಹೇಳುವವರು ಮಗ್ಗಕ್ಕೆ ಮೊದಲ ಅಧ್ಯಾಯದಲ್ಲಿ ಕೈಮುಗಿದು ಎರಡನೆಯದರಲ್ಲಿ ಅದನ್ನು ಮರೆಯುತ್ತಾರೆ, ನೇಕಾರನ ಕೂಲಿ ಯಾವ ಅಧ್ಯಾಯದಲ್ಲೂ ಬರುವುದಿಲ್ಲ.

ಇದಕ್ಕಿಂತ ತೊಡಕಿನ ಆಕ್ಷೇಪ ಸಂಗೀತ ಬಲ್ಲವರದು. ಫಂಕ್ಷನ್ನು ಎಷ್ಟು ಸಲ ಕರೆದರೂ ಕೊಟ್ಟದ್ದನ್ನೇ ಕೊಡುತ್ತದೆ, ಹಾಡುಗಾರ ಹಾಗಲ್ಲ. ಮಲ್ಲಿಕಾರ್ಜುನ ಮನಸೂರರು ಬಂದಿಶಿನ ಮೊದಲ ತುಣುಕಾದ ಮುಖಡಾಕ್ಕೆ ಹತ್ತು ಸಲ ಮರಳಿದರೆ ಹತ್ತೂ ಸಲ ಬೇರೆ ದಾರಿಯಿಂದ ಬಂದು ತಾಳದ ಸಮಕ್ಕೆ ಸೇರುತ್ತಿದ್ದರು ಎಂದು ಬಲ್ಲವರು ಹೇಳಿಯಾರು. ಬೇರೆ ಬೇರೆ ಸರಕು ಕೊಟ್ಟು ಕರೆದರೆ ಫಂಕ್ಷನ್ನೂ ಬೇರೆ ಬೇರೆ ಉತ್ತರ ಕೊಡುತ್ತದಲ್ಲ ಎಂದು ಜಾರಿಕೊಳ್ಳಬಹುದಿತ್ತು. ಆದರೆ ಅದು ವಕೀಲರ ಜಾಣತನವಾದೀತು. ಕರೆದಾಗಲೆಲ್ಲ ಹೊಸ ಉತ್ತರ ಬಂದರೆ ಆಫೀಸಿನಲ್ಲಿ ಅದನ್ನು ಬಗ್ ಎನ್ನುತ್ತಾರೆ, ಬೈಠಕ್ಕಿನಲ್ಲಿ ಮನೋಧರ್ಮ ಎನ್ನುತ್ತಾರೆ. ಇಲ್ಲಿ ನನ್ನ ವಾದ ಕುಂಟುತ್ತದೆ, ಒಪ್ಪಿಕೊಂಡೆ. ಆದರೆ ನಮ್ಮ ಪ್ರೋಗ್ರಾಮರು ಕೇಳುವುದು ಬೈಠಕ್ಕನ್ನಲ್ಲ, ಅದರ ರೆಕಾರ್ಡನ್ನು. ಅದೂ ಒಂದೇ ರೆಕಾರ್ಡನ್ನು, ಮುಗಿದೊಡನೆ ಮತ್ತೆ ಮೊದಲಿನಿಂದ. ಎಲ್ಲಿ ತಾನ್ ಬರುತ್ತದೆ, ಎಲ್ಲಿ ತಬಲಾ ಹೆಜ್ಜೆ ಬದಲಿಸುತ್ತದೆ, ಎಲ್ಲಿ ಕೇಳುವವರಲ್ಲೊಬ್ಬರು ಕೆಮ್ಮುತ್ತಾರೆ, ಎಲ್ಲವೂ ಆತನಿಗೆ ಬಾಯಿಪಾಠ. ಕೆಮ್ಮು ಪ್ರತಿ ಸಲವೂ ಅದೇ ಮಾತ್ರೆಗೆ ಸರಿಯಾಗಿ ಬರುತ್ತದೆ, ಆತ ಅದಕ್ಕೂ ತಲೆದೂಗುತ್ತಾನೆ. ಅದನ್ನು ತೆಗೆದುಹಾಕಿ ಎಂದು ಇನ್ನೂ ಯಾರೂ ಆತನಿಗೆ ಮೇಲ್ ಕಳಿಸಿಲ್ಲ.